ದಾವಣಗೆರೆಯ ಬೈಪಾಸ್: ದಾಟುವವರ ಹಕ್ಕು

ದಾವಣಗೆರೆಯ ದಕ್ಷಿಣಕ್ಕೆ ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯ ಅಂಡರ್‌ಪಾಸ್‌ಗಳು, ಅಂದರೆ ಹೆದ್ದಾರಿಯ ಅಡಿಯಿಂದ ಸ್ಥಳೀಯ ರಸ್ತೆಯನ್ನು ದಾಟಿಸುವ ಕೆಳಸೇತುವೆಗಳು, ಅವೈಜ್ಞಾನಿಕವಾಗಿವೆ ಎಂಬ ದೂರು ಹಲವು ವರ್ಷಗಳಿಂದ ಕೇಳಿಬರುತ್ತಿದ್ದು, ಎಲ್ಲ ತಪ್ಪನ್ನೂ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರುಗಳ ತಲೆಗೆ ಕಟ್ಟಿ ಸುಮ್ಮನಾಗುವುದು ರೂಢಿಯಾಗಿಬಿಟ್ಟಿದೆ. ದೂರು ನ್ಯಾಯವಾದದ್ದೇ. ಆದರೆ ಊರ ಹೊರಗೆಂದು ಹಾಕಿದ ರಸ್ತೆಯ ಆಚೆಗೂ ಊರನ್ನು ಬೆಳೆಸಿದವರು ಯಾರು ಎಂಬ ಪ್ರಶ್ನೆಯನ್ನು ಕೇಳದೆ ಆ ದೂರು ಪೂರ್ತಿಯಾಗದು.

ಇಂದಿಗೂ ಪಿ.ಬಿ. ರಸ್ತೆಯೆಂದೇ ಕರೆಯಲ್ಪಡುವ ಹಳೆಯ ಪುಣೆ–ಬೆಂಗಳೂರು ಮಾರ್ಗವು ದಾವಣಗೆರೆಯ ನಡುವಿನಿಂದ ಸಾಗಿ, ಹರಿಹರದಲ್ಲಿ 1868ರಲ್ಲಿ ಪೂರ್ಣಗೊಂಡ ಸೇತುವೆಯ ಮೇಲೆ ತುಂಗಭದ್ರೆಯನ್ನು ದಾಟಿ, ಮೈಸೂರು ಸಂಸ್ಥಾನವನ್ನು ಮುಂಬೈ ಪ್ರಾಂತಕ್ಕೆ ಜೋಡಿಸುತ್ತಿತ್ತು. ಹತ್ತಿ ಗಿರಣಿಗಳ ಊರಾಗಿ ದಾವಣಗೆರೆ, ಯಂತ್ರ ಕಾರ್ಖಾನೆಗಳ ಊರಾಗಿ ಹರಿಹರ ಬೆಳೆದದ್ದು ಈ ರಸ್ತೆ ಮತ್ತು ರೈಲುಹಳಿಗಳ ಆಸರೆಯಲ್ಲಿ. ದೂರದ ಲಾರಿಗಳು ಪೇಟೆಯೊಳಗೆ ನುಗ್ಗದೆ ಹೊರಗಿನಿಂದಲೇ ಸಾಗಲೆಂದು ಬೈಪಾಸ್ ಬಂತು. 1999ರ ಜನವರಿ 6ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರು ಶಂಕುಸ್ಥಾಪನೆ ಮಾಡಿದ ರಾಷ್ಟ್ರೀಯ ಹೆದ್ದಾರಿ ಅಭಿವೃದ್ಧಿ ಯೋಜನೆಯಡಿ, ನಾಲ್ಕು ಮಹಾನಗರಗಳನ್ನು ಬೆಸೆಯುವ 5,846 ಕಿ.ಮೀ. ಉದ್ದದ ಸುವರ್ಣ ಚತುಷ್ಪಥದ ಭಾಗವಾಗಿ ಈ ಮಾರ್ಗ ನಾಲ್ಕು ಪಥದ್ದಾಯಿತು. 2010ರ ಮರುಸಂಖ್ಯೆಯಲ್ಲಿ 4ನೇ ಹೆದ್ದಾರಿ 48ನೆಯದಾಯಿತು, ಈಚೆಗೆ ಆರು ಪಥದ ವಿಸ್ತರಣೆಯೂ ಬಂತು.

ಅಷ್ಟರಲ್ಲಿ ಊರು ದಕ್ಷಿಣಕ್ಕೆ ಸರಿದಿತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲಾ ಕೇಂದ್ರವಾಯಿತು, 2007ರಲ್ಲಿ ನಗರಸಭೆ ಮಹಾನಗರಪಾಲಿಕೆಯಾಯಿತು. ವಿದ್ಯಾನಗರ, ಶಾಮನೂರು ಕಡೆಯ ಬಡಾವಣೆಗಳು ತುಂಬಿಕೊಂಡವು, ಬೈಪಾಸ್ ಬದಿಯಲ್ಲೇ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಎದ್ದವು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು ಹೆದ್ದಾರಿಯಾಚೆಯ ತೋಳಹುಣಸೆಯಲ್ಲಿ. ಇವುಗಳಲ್ಲಿ ಯಾವುದೂ ಕದ್ದುಮುಚ್ಚಿ ನಡೆದದ್ದಲ್ಲ. ದೂಡಾ ಎಂದು ಜನ ಕರೆಯುವ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರವಿರುವ ಊರಿನಲ್ಲಿ, ಬಡಾವಣೆಗಳ ನಕ್ಷೆಗಳಿಗೆ ಮಂಜೂರಾತಿ ಕೊಟ್ಟವರಿಗೆ ಹೆದ್ದಾರಿ ಎಲ್ಲಿದೆಯೆಂಬುದು ತಿಳಿದೇ ಇತ್ತು. ನಿವೇಶನ ಮಾರುವಾಗ ಹೆದ್ದಾರಿಯ ಸಾಮೀಪ್ಯವನ್ನು ಲಾಭವೆಂದು ಎಣಿಸಿ, ಅದನ್ನು ದಾಟುವ ದಾರಿಯನ್ನು ಮಾತ್ರ ಬೇರೆಯವರ ತಲೆನೋವೆಂದು ಬಿಟ್ಟದ್ದು ಆಡಳಿತದ ದೊಡ್ಡ ಹೊಣೆಗೇಡಿತನ.

ಹೀಗಾಗಿ ದಾವಣಗೆರೆ ಈಗ ಎರಡು ಗೆರೆಗಳ ನಡುವೆ ಸಿಕ್ಕಿಕೊಂಡ ಊರು. ರೈಲುಹಳಿ ಹಳೆಯ ಊರನ್ನು ಸೀಳಿದ್ದರಿಂದ ಅಶೋಕ ಟಾಕೀಸ್ ಬಳಿಯ ಗೇಟಿನಲ್ಲಿ ಜನ ದಶಕಗಳ ಕಾಲ ಕಾದು ಬೇಸತ್ತ ಕಥೆ ಎಲ್ಲರಿಗೂ ಗೊತ್ತಿದ್ದರೂ, ಆ ಅನುಭವದಿಂದ ಏನನ್ನೂ ಕಲಿಯದೆ ದಕ್ಷಿಣದಲ್ಲಿ ಅದೇ ತಪ್ಪು ಮರುಕಳಿಸಿದೆ. ಏರಿಯ ಮೇಲೆ ಎತ್ತರಿಸಿದ ಹೆದ್ದಾರಿ, ಅದರ ಅಡಿಯಲ್ಲಿ ಇಕ್ಕಟ್ಟಾದ ಕಂಡಿ. ಎಲ್ಲ ವಾಹನಗಳೂ ದಾಟಬೇಕಾದ ಕೆಳಸೇತುವೆಗೆ 5.5 ಮೀಟರ್ ಎತ್ತರ ಬೇಕೆಂದು ನಿಯಮವಿದೆ, ಲಘು ವಾಹನಗಳದ್ದು ಅದಕ್ಕಿಂತ ತಗ್ಗು. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ, ಅಂದರೆ ನಾಲೆಯ ನೀರುಣ್ಣುವ ಗದ್ದೆಗಳ ಬಯಲಿನಲ್ಲಿ, ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ದಾಟಬೇಕಾದ ಕಡೆ ತಗ್ಗಿನ ಕಂಡಿ ಕೊಡುವುದು ರೈತನನ್ನು ಸುತ್ತುಬಳಸಿ ಅಲೆಸುವ ಕೆಲಸ. ನೆಲ ಸಮತಟ್ಟಾಗಿದ್ದು, ಕಾಲುವೆಯಿಂದ ಸದಾ ತೇವವಾಗಿರುವಲ್ಲಿ ರಸ್ತೆಯನ್ನು ಇನ್ನಷ್ಟು ತಗ್ಗಿಸಿ ಎತ್ತರ ಗಳಿಸಲು ಹೊರಟರೆ, ನೀರು ಹರಿದುಹೋಗಲು ದಾರಿಯಿಲ್ಲದೆ ಮೊದಲ ಮಳೆಗೇ ಕೆಳಸೇತುವೆ ಹೊಂಡವಾಗುತ್ತದೆ.

ರಸ್ತೆಯ ಬಳಕೆ ಬದಲಾದರೂ ವಿನ್ಯಾಸ ಬದಲಾಗದಿದ್ದರೆ ಏನಾಗುತ್ತದೆಂಬುದನ್ನು ದಾವಣಗೆರೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ಹೆದ್ದಾರಿಯ ಹುಬ್ಬಳ್ಳಿ–ಧಾರವಾಡ ಬೈಪಾಸ್, ಅದರ ಎರಡೂ ತುದಿಗಳಾಚೆ ನಾಲ್ಕು ಪಥವಿದ್ದಾಗಲೂ, ಖಾಸಗಿ ಸಂಸ್ಥೆ ರಸ್ತೆ ನಿರ್ಮಿಸಿ ಸುಂಕ ವಸೂಲು ಮಾಡುವ ಒಪ್ಪಂದದ ಕಟ್ಟಿನೊಳಗೆ ಎರಡೇ ಪಥದಲ್ಲಿ ಉಳಿದಿತ್ತು. 2021ರ ಜನವರಿ 15ರಂದು ಧಾರವಾಡದ ಬಳಿಯ ಇಟಿಗಟ್ಟಿಯಲ್ಲಿ ಟಿಪ್ಪರ್ ಮತ್ತು ಟೆಂಪೊ ಟ್ರಾವೆಲರ್ ಮುಖಾಮುಖಿ ಡಿಕ್ಕಿ ಹೊಡೆದು, ಗೋವಾ ಪ್ರವಾಸಕ್ಕೆ ಹೊರಟಿದ್ದ ದಾವಣಗೆರೆಯ ಶಾಲಾ ಗೆಳತಿಯರೂ ಸೇರಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರ ಮನೆಯವರು ಹೋರಾಟಕ್ಕಿಳಿದ ಮೇಲೆ, 2022ರ ಫೆಬ್ರುವರಿಯಲ್ಲಿ ಆರು ಪಥದ ಕಾಮಗಾರಿಗೆ ಶಂಕುಸ್ಥಾಪನೆಯಾಯಿತು. ಅಲ್ಲಿನ ಅಪಾಯ ಹಿಂದಿನ ಅಪಘಾತಗಳಿಂದಲೇ ಗೊತ್ತಿದ್ದುದರಿಂದ ಆ ಸಾವುಗಳನ್ನು ವಿಧಿಯ ಆಟವೆನ್ನಲಾಗದು.

ದಾವಣಗೆರೆಯಿಂದ ಇನ್ನಷ್ಟು ದೂರದಲ್ಲಿ ಮತ್ತೊಂದು ವರ್ತುಲ ರಸ್ತೆ ಮಾಡಿದರೆ ಎಲ್ಲ ಸರಿಹೋಗುತ್ತದೆಂಬ ವಾದವನ್ನು ಒಪ್ಪಲಾಗದು. ಭೂಬಳಕೆಯ ಮೇಲೆ ಹಿಡಿತವಿಲ್ಲದ ಊರಿಗೆ ಹೊಸ ರಸ್ತೆಯೆಂದರೆ ಹೊಸ ನಿವೇಶನಗಳ ಸಾಲು, ಮತ್ತಷ್ಟು ನೀರಾವರಿ ಗದ್ದೆಗಳ ನಾಶ, ಇಪ್ಪತ್ತು ವರ್ಷಗಳ ನಂತರ ಇದೇ ಜಗಳ.

ಬದಲಾಗಬೇಕಾದದ್ದು ಕಾನೂನಿನಲ್ಲೂ ಇದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಸಿ ಕಲಮಿನಂತೆ, ಭೂಸ್ವಾಧೀನದ ಅಧಿಸೂಚನೆ ಹೊರಬಿದ್ದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸುವ ಹಕ್ಕಿರುವುದು ಆ ಜಮೀನಿನಲ್ಲಿ ಹಿತಾಸಕ್ತಿ ಉಳ್ಳವರಿಗೆ ಮಾತ್ರ. ದಿನವೂ ಹೆದ್ದಾರಿ ದಾಟಿ ವಿಶ್ವವಿದ್ಯಾನಿಲಯದ ಆವರಣವಾದ ಶಿವಗಂಗೋತ್ರಿಗೆ ಹೋಗುವ ವಿದ್ಯಾರ್ಥಿನಿಗೆ, ಆಸ್ಪತ್ರೆಗೆ ಬರುವ ರೋಗಿಗೆ, ಹನಗವಾಡಿ ಕೈಗಾರಿಕಾ ಪ್ರದೇಶದ ಕಾರ್ಮಿಕನಿಗೆ ಅಲ್ಲಿ ಜಾಗವಿಲ್ಲ. ಆದ್ದರಿಂದ ಪ್ರತಿ ಕೆಳಸೇತುವೆಯ ಅಗಲ, ಎತ್ತರ, ನೀರಿನ ಹರಿವು ಮತ್ತು ಸರ್ವಿಸ್ ರಸ್ತೆ, ಅಂದರೆ ಹೆದ್ದಾರಿಗೆ ಸಮಾನಾಂತರವಾಗಿ ಸ್ಥಳೀಯ ಸಂಚಾರಕ್ಕೆಂದು ಇರುವ ದಾರಿ, ಇವೆಲ್ಲವನ್ನು ತೋರಿಸುವ ನಕ್ಷೆಗಳು ಕನ್ನಡದಲ್ಲಿ ಗ್ರಾಮ ಪಂಚಾಯಿತಿ ಮತ್ತು ವಾರ್ಡ್ ಕಚೇರಿಗಳಲ್ಲಿ ಕಾಮಗಾರಿಗೆ ಮೊದಲೇ ಪ್ರಕಟವಾಗಬೇಕು. ದಾಟುವವರ ಆಕ್ಷೇಪಣೆಗೆ ಲಿಖಿತ ಉತ್ತರ ಕೊಡದೆ ಗುತ್ತಿಗೆದಾರನಿಗೆ ಕಾರ್ಯಾದೇಶ ಹೋಗಬಾರದು. ದೂಡಾ ಕೂಡ ದಾಟುದಾರಿ ಸಿದ್ಧವಾಗುವ ತನಕ ಹೆದ್ದಾರಿಯಾಚೆ ಒಂದೇ ಒಂದು ಹೊಸ ಬಡಾವಣೆಗೂ ಅನುಮೋದನೆ ಕೊಡಬಾರದು.