ಕೈಬರಹವೂ ಬುದ್ಧಿಯೂ

ಮುತ್ತು ಪೋಣಿಸಿದಂತಹ ಅಕ್ಷರವನ್ನು ಕಂಡೊಡನೆ ಉತ್ತರವೂ ಚೆನ್ನಾಗಿಯೇ ಇರಬೇಕೆಂದು ನಂಬಿಬಿಡುವುದು ನಮ್ಮ ಅಧ್ಯಾಪಕ ವರ್ಗದ ಹಳೆಯ ದೌರ್ಬಲ್ಯ. ಅದಕ್ಕೆ ನಾನೂ ಹೊರತಲ್ಲ. ಸಾಲು ತಪ್ಪಿ, ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು, ಅರ್ಧಕ್ಕೇ ನಿಂತಿದ್ದ ಉತ್ತರವೊಂದರ ಮೇಲೆ ಒಮ್ಮೆ ‘ಅಲಕ್ಷ್ಯ’ವೆಂದು ಷರಾ ಬರೆದೆ. ಮರುದಿನ ಆ ವಿದ್ಯಾರ್ಥಿ ಅದೇ ಪ್ರಶ್ನೆಗೆ ಬಾಯಲ್ಲಿ ಸೊಗಸಾಗಿ ಉತ್ತರ ಹೇಳಿದಾಗ, ತಪ್ಪಿದ್ದುದು ನನ್ನ ಅಳತೆಗೋಲೆಂದು ಅರಿತೆ.

ಶಾಲಾವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 5–6 ಮಂದಿಗೆ ಅಂಗಚಲನೆಯ ಹೊಂದಾಣಿಕೆಯಲ್ಲಿ ತೊಡಕಿರುವುದೆಂದು ಅಂದಾಜು. ಅಂಗಿಯ ಗುಂಡಿ ಹಾಕುವುದು, ಚೆಂಡು ಹಿಡಿಯುವುದು, ಬರೆಯುವುದು, ಎಲ್ಲವೂ ಇವರಿಗೆ ಪ್ರಯಾಸ. ಇದನ್ನು ಮಂದಬುದ್ಧಿಯೆಂದು ತಿಳಿಯುವುದು ಅನ್ಯಾಯ. ಉಳಿದವರ ಕೈ ತಾನಾಗಿ ಬರೆಯುವ ಅಕ್ಷರವನ್ನು ಇವರು ಗಮನವಿಟ್ಟು ಕಟ್ಟಬೇಕು. ಗಮನವೆಲ್ಲ ಅಲ್ಲಿ ವೆಚ್ಚವಾದರೆ, ಮುಂದಿನ ವಾಕ್ಯವನ್ನು ನೆನಪಿನಲ್ಲಿ ಹಿಡಿದಿಡಲು, ವಿಚಾರವನ್ನು ಕ್ರಮಗೊಳಿಸಲು ಉಳಿಯುವುದೆಷ್ಟು? ಕೆಲವರಿಗೆ ಕೆಲಸವನ್ನು ಯೋಜಿಸಿಕೊಳ್ಳುವುದೂ ಕಷ್ಟವೇ. ಅದಕ್ಕೂ ಬೇಕಾದುದು ನೆರವು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಕಲಿಕೆಯ ನ್ಯೂನತೆಗಳ ಸಾಲಿನಲ್ಲಿ ಈ ತೊಡಕನ್ನು ‘ಡಿಸ್‌ಪ್ರಾಕ್ಸಿಯಾ’ ಎಂಬ ಹೆಸರಿನಿಂದ ಸೇರಿಸಿದೆ. ಕಾನೂನು ಕಂಡುದನ್ನು ತರಗತಿಯು ಕಾಣಬೇಡವೆ? ಹತ್ತು ಸಲ ನಕಲು ಬರೆಸುವುದನ್ನು ಬಿಟ್ಟು ತುಸು ಹೆಚ್ಚು ಕಾಲ ಕೊಡೋಣ, ಬಾಯಲ್ಲಿಯೂ ಕೇಳೋಣ. ಅಂದವಾದ ಬರವಣಿಗೆಯನ್ನು ಮೆಚ್ಚಬಾರದೆಂದು ನಾನು ಹೇಳುತ್ತಿಲ್ಲ. ಕೆಂಪು ಶಾಯಿಯಲ್ಲಿ ಷರಾ ಬರೆಯುವ ಮುನ್ನ, ಮಗುವನ್ನು ಹತ್ತಿರ ಕರೆದು ಒಂದು ಪ್ರಶ್ನೆ ಕೇಳುವಷ್ಟು ವ್ಯವಧಾನ ನಮಗಿರಲಿ.