ಹಬ್ಬದ ಸಾಲಿಗೆ ಸಾಲ ಬೇಡ

ಶ್ರಾವಣ ಕಾಲಿಟ್ಟಿತೆಂದರೆ ಗೋಡೆಯ ಕ್ಯಾಲೆಂಡರ್ ತುಂಬ ಕೆಂಪು ಅಕ್ಷರ! ನಾಗರ ಪಂಚಮಿ, ವರಮಹಾಲಕ್ಷ್ಮಿ, ಗೌರಿ, ಗಣೇಶ, ಹಿರಿಯರ ಹಬ್ಬ, ದಸರಾ, ದೀಪಾವಳಿ... ಒಂದು ಮುಗಿಯುವುದರೊಳಗೆ ಇನ್ನೊಂದು. ಮಕ್ಕಳಿಗೆ ಸಂಭ್ರಮ, ಯಜಮಾನರಿಗೆ ರಜೆ. ನಿಮಗೆ? ಎದೆಯೊಳಗೆ ಮೆಲ್ಲಗೆ ಅವಲಕ್ಕಿ ಕುಟ್ಟೋಕೆ ಶುರು.

ವರಮಹಾಲಕ್ಷ್ಮಿಯ ಹಿಂದಿನ ದಿನ ಸಂಜೆ ಚಿತ್ರದುರ್ಗದ ಸಂತೆಹೊಂಡದ ಕಡೆಗೋ, ಹಿರಿಯೂರಿನ ಪೇಟೆಗೋ ಹೋದವರಿಗೆ ಇದು ಗೊತ್ತು. ಸೇವಂತಿಗೆ ನಮ್ಮ ಜಿಲ್ಲೆಯ ಹೊಲದಲ್ಲೇ ಬೆಳೆಯುವ ಹೂವು. ಆದರೂ ಅವತ್ತು ಒಂದು ಮಾರಿನ ದರ ಕೇಳಿದರೆ ಕೈ ತಾನಾಗಿ ಪರ್ಸನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬಾಳೆಕಂದು, ಐದು ಬಗೆ ಹಣ್ಣು, ಕಲಶಕ್ಕೆ ಸೀರೆ, ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯರಿಗೆ ಬ್ಲೌಸ್ ಪೀಸು... "ಅಷ್ಟೆಲ್ಲ ಯಾಕೆ ಬೇಕಿತ್ತು?" ಅಂತ ಯಜಮಾನರು. "ದೊಡ್ಡ ಸೊಸೆ ಬೆಳ್ಳಿ ಮುಖವಾಡ ತಂದಿದಾಳಂತೆ" ಅಂತ ಅತ್ತೆ. ಇಬ್ಬರ ನಡುವೆ ನೀವು.

ಈ ತಳಮಳಕ್ಕೆ ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಅದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಪಟ್ಟಣದಲ್ಲಿ ಮನೆ ಮಾಡಿದ್ದರೂ ಇಲ್ಲಿನ ಎಷ್ಟೋ ಸಂಸಾರಗಳಿಗೆ ದುಡ್ಡು ಹೊಲ, ತೋಟದಿಂದಲೇ ಬರಬೇಕು. ಅಂಗಡಿ ಇಟ್ಟವರಿಗೂ ಅಷ್ಟೇ, ಗಿರಾಕಿ ರೈತನೇ ತಾನೆ! ಚಿತ್ರದುರ್ಗ, ಹಿರಿಯೂರು ಕಡೆಯ ಶೇಂಗಾ, ಈರುಳ್ಳಿ ಮಾರಿ ಕೈಗೆ ಕಾಸು ಬರುವುದು ದಸರೆಯ ಆಚೀಚೆ. ಹೊಳಲ್ಕೆರೆ, ಹೊಸದುರ್ಗದ ಅಡಿಕೆ ಕೊಯ್ಲು ಚುರುಕಾಗುವುದೂ ಹೆಚ್ಚುಕಮ್ಮಿ ಆ ಹೊತ್ತಿಗೇ. ವರಮಹಾಲಕ್ಷ್ಮಿ, ಗೌರಿ ಹಬ್ಬ ಬಂದಾಗ ಬೆಳೆ ಇನ್ನೂ ಹಸಿರಾಗಿ ಹೊಲದಲ್ಲೇ ನಿಂತಿರುತ್ತದೆ. ಬೀಜ, ಗೊಬ್ಬರ, ಶಾಲೆ ಫೀಸು ಅಂತ ಜೂನ್‌ನಲ್ಲೇ ಕೈ ಖಾಲಿ. ಲಕ್ಷ್ಮಿಯನ್ನು ಕೂರಿಸುವ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಲಕ್ಷ್ಮಿ ಇರುವುದಿಲ್ಲ!

"ಹಬ್ಬಕ್ಕೆ ತಾನೇ, ದೀಪಾವಳಿ ಹೊತ್ತಿಗೆ ತೀರಿಸಿದರಾಯ್ತು" ಅನ್ನುವ ಮಾತು ಹುಟ್ಟುವುದು ಇಲ್ಲೇ. ಆದರೆ ಬೆಳೆಯನ್ನು ನಂಬಿ ಸಾಲ ಮಾಡುವ ಸೀಮೆಯೇ ನಮ್ಮದು? 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ ಕೋಡಿ ಬಿತ್ತು. ಮಕ್ಕಳುಮರಿ ಕಟ್ಟಿಕೊಂಡು ಮಾರಿಕಣಿವೆಗೆ ಓಡಿದೆವು. ಮರುವರ್ಷವೇ ರಾಜ್ಯಕ್ಕೆ ಬರ!

ಈಗ ಬಡ್ಡಿಯ ಲೆಕ್ಕ ನೋಡೋಣ. ಪರಿಚಯದವರ ಹತ್ತಿರ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಹತ್ತು ಸಾವಿರ ತಂದಿರಿ ಅನ್ನಿ. ತಿಂಗಳಿಗೆ 300 ರೂಪಾಯಿ. ಶ್ರಾವಣದಿಂದ ಸಂಕ್ರಾಂತಿಗೆ ಐದು ತಿಂಗಳು ಹಿಡಿದರೂ 1,500 ರೂಪಾಯಿ ಬರೀ ಬಡ್ಡಿ, ಅಸಲು ಹಾಗೇ ನಿಂತಿದೆ. "ಮೂರು ರೂಪಾಯಿ" ಅಂದಾಗ ಕಿವಿಗೆ ಹಗುರ. ವರ್ಷಕ್ಕೆ ಅದು ಶೇ 36!

ಇನ್ನು ಗುಂಪಿನ ಸಾಲ. ಆಧಾರ್ ಕಾರ್ಡು, ಒಂದು ಫೋಟೊ ಕೊಟ್ಟರೆ ಮೈಕ್ರೋಫೈನಾನ್ಸ್‌ನವರು ಮನೆ ಬಾಗಿಲಿಗೇ ಬರುತ್ತಾರೆ. ಸಾಲ ಬೀಳುವುದು ಹೆಂಗಸರ ಹೆಸರಿಗೆ. ಖರ್ಚು ಮನೆಯವರದೆಲ್ಲ, ವಾರದ ಕಂತಿಗೆ ಉತ್ತರ ಹೇಳಬೇಕಾದವರು ಮಾತ್ರ ನೀವು. ನೀವು ಕಟ್ಟದಿದ್ದರೆ ಗುಂಪಿನ ಉಳಿದವರ ಮೇಲೆ ಒತ್ತಡ. ಗೌರಿ ಹಬ್ಬಕ್ಕೆ ನಿಮ್ಮಿಂದ ಬಾಗಿನ ತಗೊಂಡ ಪಕ್ಕದ ಮನೆ ಅಕ್ಕನೇ ದಸರಾ ಹೊತ್ತಿಗೆ "ಏನ್ರೀ, ಕಂತು ಯಾವಾಗ ಕಟ್ತೀರಿ?" ಅಂತ ಬಾಗಿಲಲ್ಲಿ ನಿಲ್ಲುತ್ತಾರೆ. ದುಡ್ಡು ಹೋದರೆ ಬರಬಹುದು, ಇಪ್ಪತ್ತು ವರ್ಷದ ನೆರೆಹೊರೆ ಮುರಿದರೆ ಕೂಡಿಸುವುದು ಕಷ್ಟ. ಈ ಮಾತು ಬಾಯಿಬಿಟ್ಟು ಹೇಳಿಕೊಳ್ಳಲಾಗದೆ ರಾತ್ರಿ ನಿದ್ದೆಗೆಟ್ಟವರು ನಮ್ಮ ನಡುವೆಯೇ ಇದ್ದಾರೆ.

ಈಗಾಗಲೇ ಸಾಲ ಮಾಡಿದ್ದೀರಾ? ಹೆದರಬೇಡಿ, ನಿಯಮ ತಿಳಿದುಕೊಳ್ಳಿ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದ ಪ್ರಕಾರ ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯ ಇರುವ ಸಂಸಾರಕ್ಕೆ ಒತ್ತೆ ಇಲ್ಲದೆ ಕೊಡುವುದೇ ಮೈಕ್ರೋಫೈನಾನ್ಸ್ ಸಾಲ. ಆ ಮನೆಯ ಎಲ್ಲ ಸಾಲಗಳ ಕಂತು ಸೇರಿದರೂ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನು ಮಾಡುವಂತಿಲ್ಲ. ಬೈಯುವಂತಿಲ್ಲ, ಹೆದರಿಸುವಂತಿಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡ ಕೇಳುವಂತಿಲ್ಲ. ಬಲವಂತದ ವಸೂಲಿ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಆಮೇಲೆ ಕಾಯ್ದೆಯನ್ನೇ ಮಾಡಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಉಂಟು. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಆದರೆ ಒಂದು ಮಾತು: ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಯ ಸಾಲ ಇದರಿಂದ ಮನ್ನಾ ಆಗುವುದಿಲ್ಲ. ಹಾಗಂತ ಯಾರಾದರೂ ಹೇಳಿದರೆ ನಂಬಬೇಡಿ.

"ಬಡ್ಡಿಯೇ ಇಲ್ಲ, ಬರೀ ಕಂತು" ಅನ್ನುವ ಫ್ರಿಜ್ಜು, ಟೀವಿ ಜಾಹೀರಾತುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿದೆ. ನಗದು ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ ಅಂತ ಅಂಗಡಿಯವರನ್ನು ಕೇಳಿ ನೋಡಿ, ಗುಟ್ಟು ಬಯಲಾಗುತ್ತದೆ. ಬೀದಿಯಲ್ಲಿ ಯಾರೋ ನಡೆಸುವ ಹಬ್ಬದ ಚೀಟಿಯೂ ಅಷ್ಟೇ. ನೋಂದಣಿ ಇಲ್ಲ, ರಸೀದಿ ಇಲ್ಲ ಅಂದರೆ ದೂರ ಇರಿ. ಗೃಹಲಕ್ಷ್ಮಿಯ ಎರಡು ಸಾವಿರವನ್ನೂ ಖಾತೆಗೆ ಬೀಳುವ ಮುಂಚೆ ಲೆಕ್ಕಕ್ಕೆ ಹಿಡಿಯಬೇಡಿ. 2023ರಲ್ಲಿ ಯೋಜನೆ ಶುರುವಾದ ಮೇಲೆ ಎರಡು ಮೂರು ತಿಂಗಳ ಹಣ ತಡವಾಗಿ ಒಟ್ಟಿಗೆ ಬಂದದ್ದೂ ಉಂಟು.

ಹಾಗಾದರೆ ಹಬ್ಬವೇ ಬೇಡವಾ? ಖಂಡಿತ ಬೇಕು! ವರ್ಷವಿಡೀ ಒಲೆ ಮುಂದೆ ನಿಂತವರಿಗೆ ರೇಷ್ಮೆ ಸೀರೆ ಉಟ್ಟು, ನಾಲ್ಕು ಜನರನ್ನು ಕರೆದು ಕುಂಕುಮ ಕೊಡುವ ಖುಷಿ ಬೇಡವೆನ್ನಲು ನಾವ್ಯಾರು? ಹಬ್ಬದ ಭಾರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಅಷ್ಟೇ. ಮಗುವಿನ ಹಳೆ ನೋಟ್‌ಬುಕ್ಕಿನಲ್ಲಿ ಏಳೂ ಹಬ್ಬದ ಹೆಸರು ಬರೆಯಿರಿ. ಹೋದ ವರ್ಷ ಯಾವುದಕ್ಕೆ ಎಷ್ಟಾಯಿತು ಅಂತ ನೆನಪಿದ್ದಷ್ಟು ಬರೆಯಿರಿ. ಮನೆಗೆಲ್ಲ ಬಟ್ಟೆ, ಪಾತ್ರೆ, ಅಳಿಯ ಮಗಳಿಗೆ ಉಡುಗೊರೆ, ಇಂಥ ದೊಡ್ಡ ಖರ್ಚನ್ನೆಲ್ಲ ಶ್ರಾವಣದಿಂದ ತೆಗೆದು ದೀಪಾವಳಿಗೆ ಹಾಕಿ. ಆಗ ಬೆಳೆಯ ದುಡ್ಡು ಕೈಗೆ ಬಂದಿರುತ್ತದೆ. ಬಾರದಿದ್ದರೆ ಆ ಖರ್ಚೂ ಇಲ್ಲ. ಚಿನ್ನದ ಮಾತಂತೂ ಸದ್ಯಕ್ಕೆ ಎತ್ತಲೇಬೇಡಿ. 2025ರಲ್ಲೇ ಹತ್ತು ಗ್ರಾಂಗೆ ಒಂದು ಲಕ್ಷ ದಾಟಿದ ಮೇಲೆ ಅದು ಸಾಲ ಮಾಡಿ ತರುವ ವಸ್ತುವಾಗಿ ಉಳಿದಿಲ್ಲ.

ಬಾಗಿನವನ್ನೇ ತಗೊಳ್ಳಿ. ಮೊರದೊಳಗೆ ಇರಬೇಕಾದದ್ದು ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಧಾನ್ಯ, ಬೆಲ್ಲ. ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಬುಟ್ಟಿ, ಒಬ್ಬರಿಗಿಂತ ಒಬ್ಬರದು ದೊಡ್ಡದು ಅನ್ನುವ ಪೈಪೋಟಿ, ಇವೆಲ್ಲ ಆಮೇಲೆ ನಾವು ಸೇರಿಸಿದ್ದು. ಹೊಳಲ್ಕೆರೆಯ ಪ್ರಸನ್ನ ಗಣಪತಿಯನ್ನು ನೋಡಿದ್ದೀರಲ್ಲ? ಅಷ್ಟೆತ್ತರದ ಮೂರ್ತಿಗೆ ತಲೆಯ ಮೇಲೆ ಗೋಪುರವಿಲ್ಲ, ಬಯಲಲ್ಲೇ ಕೂತಿದ್ದಾನೆ. ಅವನಿಗೇನು ಭಕ್ತರು ಕಡಿಮೆಯಾಗಿದ್ದಾರೆಯೇ?

ಮುಂದಿನ ವರ್ಷಕ್ಕೆ ಬೇಕಾದರೆ ಸಂಕ್ರಾಂತಿ ಕಳೆದ ಮೇಲೆ ಬ್ಯಾಂಕಿನಲ್ಲಿ ಆರು ತಿಂಗಳ ಆರ್.ಡಿ. ಮಾಡಿಸಿ. ತಿಂಗಳಿಗೆ ಸಾವಿರ ಕಟ್ಟಿದರೂ ಶ್ರಾವಣಕ್ಕೆ ಆರು ಸಾವಿರದ ಮೇಲೆ ಸ್ವಲ್ಪ ಬಡ್ಡಿ. ಅದು ನೀವು ತೆರುವ ಬಡ್ಡಿಯಲ್ಲ, ನಿಮಗೇ ಬರುವ ಬಡ್ಡಿ!

ದುಡ್ಡಿನಷ್ಟೇ ದಣಿವೂ ದೊಡ್ಡದು. ಬೆಳಗಿನ ನಾಲ್ಕಕ್ಕೆ ಎದ್ದು, ಉಪವಾಸದಲ್ಲಿ ಹೋಳಿಗೆ ತಟ್ಟಿ, ಎಲ್ಲರ ಊಟವಾದ ಮೇಲೆ ಮೂರು ಗಂಟೆಗೆ ಎಲೆ ಮುಂದೆ ಕೂರುವುದು ಎಲ್ಲ ದೇಹಕ್ಕೂ ಒಗ್ಗುವುದಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಉಪವಾಸಕ್ಕೆ ಮುಂಚೆ ಡಾಕ್ಟರನ್ನು ಕೇಳಿ. ಮಾತ್ರೆಯ ವಿಚಾರದಲ್ಲಿ ಸ್ವಂತ ತೀರ್ಮಾನ ಬೇಡ. ಕಾಯಿ ತುರಿಯೋದು, ತೋರಣ ಕಟ್ಟೋದು ಯಜಮಾನರಿಗೂ ಬರುತ್ತೆ, ಮಗನಿಗೂ ಬರುತ್ತೆ. ಕೇಳಿ ನೋಡಿ. ಹಬ್ಬ ಮುಗಿದ ಮೇಲೂ ನಿದ್ದೆ ಬಾರದೆ, ಸುಮ್ಮನೆ ಅಳು ಬರುತ್ತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ 14416ಕ್ಕೆ ಫೋನು ಮಾಡಿ. ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಇದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಇಷ್ಟರಲ್ಲೆಲ್ಲ ಕಷ್ಟದ ಕೆಲಸ ಒಂದೇ, ಬಾಯಿಬಿಟ್ಟು ಹೇಳುವುದು. ನಾದಿನಿಗೆ ಹೀಗೆ ಹೇಳಬಹುದು: "ಗೌರಿ ಹಬ್ಬಕ್ಕೆ ಈ ಸಲ ಬಾಗಿನ ಮಾತ್ರ ಕಣೇ. ಸೀರೆ ದೀಪಾವಳಿಗೆ, ಶೇಂಗಾ ಮಾರಿದ ಮೇಲೆ. ನಿಮ್ಮಣ್ಣನೇ ಕರ್ಕೊಂಡು ಹೋಗಿ ಕೊಡಿಸ್ತಾರೆ." ಆ ಫೋನು ಈ ವಾರವೇ ಮಾಡಿ, ಹಬ್ಬದ ಹಿಂದಿನ ದಿನ ಬೇಡ.