ಕೊಡುವ ಕೈಯನ್ನೂ ನೋಡೋಣ

ಸಂಘದ ಸಮಾರಂಭ ಮುಗಿದು ಉಪ್ಪಿಟ್ಟು-ಕಾಫಿಯ ಹೊತ್ತಾದರೆ ಮುಂಬಯಿಯ ನಮ್ಮಲ್ಲಿ ತಪ್ಪದೆ ಏಳುವ ಮಾತೊಂದಿದೆ: "ದೇಶ ಕೆಟ್ಟುಹೋಯಿತು ಸ್ವಾಮಿ, ಲಂಚವಿಲ್ಲದೆ ಒಂದು ಕಾಗದವೂ ಅಲುಗುವುದಿಲ್ಲ!" ಎಲ್ಲರೂ ತಲೆದೂಗುತ್ತೇವೆ. ಕೆಡಿಸಿದವರು ಯಾರೆಂದರೆ ಮಾತ್ರ ಬೆರಳು ಮಂತ್ರಿಗಳ ಕಡೆಗೋ ಅಧಿಕಾರಿಗಳ ಕಡೆಗೋ ಹೋಗುತ್ತದೆ. ನಮ್ಮ ಕಡೆಗೆ ಎಂದೂ ತಿರುಗುವುದಿಲ್ಲ.

ಕೇಂದ್ರ ಸರಕಾರದ ಗುಮಾಸ್ತರಾದ ನಾವು ಮೇಜಿನ ಎರಡೂ ಬದಿಗಳನ್ನು ಬಲ್ಲವರು. ಕೆಲಸದ ದಿನ ಕುರ್ಚಿಯಲ್ಲಿರುತ್ತೇವೆ. ರಜೆಯ ದಿನ ಇನ್ನೊಂದು ಕಚೇರಿಯ ಸಾಲಿನಲ್ಲಿ ನಿಲ್ಲುತ್ತೇವೆ. ಕಳೆದ ವರ್ಷ ಊರಿನ ಜಮೀನಿನ ಖಾತೆ ಬದಲಾವಣೆಗೆಂದು ಹೋದೆವು. ಇದ್ದದ್ದು ನಾಲ್ಕು ದಿನದ ರಜೆ. ಮಧ್ಯವರ್ತಿ "ಎರಡು ಸಾವಿರ" ಎಂದ. ನಾವು ವಾದಿಸಲಿಲ್ಲ, ರಸೀದಿ ಕೇಳಲಿಲ್ಲ, ಕೊಟ್ಟುಬಿಟ್ಟೆವು. ಮರಳಿ ಬರುವಾಗ ರೈಲಿನಲ್ಲಿ ಲಂಚಕೋರರನ್ನು ಬಾಯ್ತುಂಬ ಬೈದವರೂ ನಾವೇ!

ಬೇರೆ ದಾರಿಯಿರಲಿಲ್ಲವೇ? ಇತ್ತು. ಮಾಹಿತಿ ಹಕ್ಕಿನ ಕಾಯಿದೆ 2005ರಲ್ಲೇ ಬಂದಿದೆ. 30 ದಿನಗಳಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ 2011ರ ಸಕಾಲ ಕಾಯಿದೆ, ಮಹಾರಾಷ್ಟ್ರದಲ್ಲಿ 2015ರ ಸೇವಾ ಹಕ್ಕು ಕಾಯಿದೆ ಇವೆ. ಯಾವ ಸೇವೆ ಎಷ್ಟು ದಿನದಲ್ಲಿ ಸಿಗಬೇಕೆಂದು ಅವುಗಳಲ್ಲಿ ಗೊತ್ತುಪಡಿಸಲಾಗುತ್ತದೆ. ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಲಂಚ ಕೊಡುವವನೂ ಅಪರಾಧಿ. 7 ವರ್ಷದವರೆಗೆ ಸೆರೆವಾಸವಾಗಬಹುದು. ಒತ್ತಾಯಕ್ಕೆ ಸಿಕ್ಕಿ ಕೊಟ್ಟವನು 7 ದಿನಗಳೊಳಗೆ ದೂರು ಕೊಟ್ಟರೆ ಅವನಿಗೆ ರಕ್ಷಣೆಯುಂಟು. ನಾವು ದೂರು ಕೊಟ್ಟೆವೇ? ಇಲ್ಲ. ಹಾಗಾದರೆ ನಾವು ಬಲಿಪಶುಗಳಲ್ಲ, ಪಾಲುದಾರರು.

ದಿನಗೂಲಿ ಬಿಟ್ಟು ಬಂದವನನ್ನೂ ಆಸ್ಪತ್ರೆಯ ಬಾಗಿಲಲ್ಲಿ ಅಳುತ್ತ ನಿಂತವಳನ್ನೂ ನಾವು ದೂರುವುದಿಲ್ಲ. ಅವರಿಗೆ ಕಾಯುವ ಶಕ್ತಿಯಿಲ್ಲ. ನಮಗೋ ಸಂಬಳ ಸಹಿತ ರಜೆಯಿದೆ, ಅರ್ಜಿ ಬರೆಯುವ ವಿದ್ಯೆಯಿದೆ, ಮೇಲ್ಮನವಿ ಎಂದರೇನೆಂಬ ತಿಳಿವಳಿಕೆಯಿದೆ. ಇಷ್ಟಿದ್ದೂ ಕೊಟ್ಟದ್ದು ಅವಸರಕ್ಕೆ. ಅಂದು ಸಾಲಿನಲ್ಲಿ ನಮಗಿಂತ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ನಮ್ಮ ಕಾಗದ ಒಳಗೆ ಹೋಯಿತು, ಅವಳದು ಅಲ್ಲೇ ಉಳಿಯಿತು. ನಾವು ಕೊಂಡದ್ದು ಅವಳ ಸರದಿಯನ್ನು.

ಬಿ.ಎಸ್ಸಿ. ಓದುವಾಗ ಕಲಿತದ್ದು ನೆನಪಿದೆ: ಆಮ್ಲವೊಂದೇ ಇದ್ದರೆ ಲವಣವಾಗದು, ಪ್ರತ್ಯಾಮ್ಲವೂ ಕೂಡಬೇಕು. ಲಂಚವೂ ಹಾಗೆಯೇ; ನೀಡುವ ಕೈಯಿಲ್ಲದೆ ಚಾಚುವ ಕೈ ಎಷ್ಟು ಹೊತ್ತು ಚಾಚೀತು?

ಆದ್ದರಿಂದ ಓದುಗ ಮಿತ್ರರೇ, ದೇಶೋದ್ಧಾರದ ಭಾಷಣ ಸಾಕು. ಕೊಟ್ಟ ಅರ್ಜಿಗೆ ರಸೀದಿ ಕೇಳೋಣ. ಒಂದು ರಜೆ ಹೆಚ್ಚಾದರೂ ಕಾಯೋಣ. ನಮ್ಮ ಮೇಜಿನ ಮೇಲಿರುವ ಕಡತವನ್ನು ಇಂದೇ ಮುಂದಕ್ಕೆ ಕಳಿಸೋಣ. ಮುಂದಿನ ಸಮಾರಂಭದಲ್ಲಿ ಕಾಫಿ ಕುಡಿಯುತ್ತ "ತಿಂದವರು ಯಾರು?" ಎಂದು ಕೇಳುವ ಮೊದಲು, "ಉಣಿಸಿದವರು ಯಾರು?" ಎಂದು ನಮ್ಮನ್ನೇ ಕೇಳಿಕೊಳ್ಳೋಣ.